ಕೊಬ್ಬರಿ ವಾಸನೆ ಹೋದರೆ ಟ್ರೈಕೋಡರ್ಮಾ ಸತ್ತಿತು ಅಂತಲ್ಲ

ಅಣ್ಣಾ, ನೀವು ಕೇಳಿದ್ದು ಮೂರು ವಿಷಯ. ಟ್ರೈಕೋಡರ್ಮಾ (ರೋಗದ ಬೂಷ್ಟುಗಳನ್ನು ತಡೆಯಲು ಮಣ್ಣಿಗೆ ಹಾಕುವ ಒಳ್ಳೆ ಬೂಷ್ಟು) ಬೆರೆಸಿಟ್ಟ ಗೊಬ್ಬರ ಘಮ್ ಅಂತ ಕೊಬ್ಬರಿ ವಾಸನೆ ಬರುತ್ತಿತ್ತು, ಕಾಳುಮೆಣಸಿನ ಬುಡಕ್ಕೆ ಹಾಕಿ ಸ್ವಲ್ಪ ದಿನಕ್ಕೇ ಹೋಯ್ತು, ಸತ್ತಿತಾ? ಆ ವಾಸನೆಯೇ ವಿಷವಾದರೆ ಕಾಳಿಗೂ ಸೇರುತ್ತಾ? ಒಂದೇ ಸಲ ಜಾಸ್ತಿ ಸುರಿದರೆ ವರ್ಷ ಪೂರ್ತಿ ಸಾಕಾ?

ಮೊದಲು ವಾಸನೆ ವಿಷಯ. ಅದು 6-ಪೆಂಟೈಲ್ ಪೈರೋನ್ ಅನ್ನುವ ವಸ್ತು. ಟ್ರೈಕೋಡರ್ಮಾ ವಿರಿಡೆ ಅನ್ನುವ ಜಾತಿಯಲ್ಲಿ ಇದನ್ನು 1972ರಲ್ಲೇ ಗುರುತಿಸಿದ್ದಾರೆ. ತಿಂಡಿಗಳಿಗೆ ಕೊಬ್ಬರಿ ಪರಿಮಳ ಕೊಡಲೂ ಇದೇ ವಸ್ತು ಬಳಕೆಯಲ್ಲಿದೆ. ಮಣ್ಣಿನಲ್ಲಿ ಇದು ರೈಜೋಕ್ಟೋನಿಯಾ, ಫ್ಯುಸೇರಿಯಂ ತರಹದ ರೋಗದ ಬೂಷ್ಟುಗಳ ಬೆಳವಣಿಗೆ ತಡೆಯುತ್ತದೆ.

ಆದರೆ ಎದುರಿನವರೂ ಸುಮ್ನೆ ಕೂರುವುದಿಲ್ಲ. ನ್ಯೂಜಿಲೆಂಡಿನಲ್ಲಿ ಇದನ್ನು ಬೊಟ್ರೈಟಿಸ್ ಅನ್ನುವ ಬೂದು ಬೂಷ್ಟಿನ ಮೇಲೆ ಪ್ರಯೋಗ ಮಾಡಿ ನೋಡಿದರು. ಈ ಅಣುವಿಗೆ ಐದು ಇಂಗಾಲದ ಒಂದು ಬಾಲ ಇದೆ. ಬೊಟ್ರೈಟಿಸ್ ಆ ಬಾಲಕ್ಕೆ ಆಮ್ಲಜನಕ ಅಂಟಿಸುತ್ತದೆ, ಮುಂದೆ ಅದನ್ನು ಆಮ್ಲವಾಗಿ ಬದಲಾಯಿಸುತ್ತದೆ. ಅಷ್ಟಾದರೆ ಅದರ ಹೊಡೆತ ಕಡಿಮೆಯಾಗುತ್ತದೆ. ನಿಮ್ಮ ತೋಟದ ಬುಡದಲ್ಲಂತೂ ಲೆಕ್ಕವಿಲ್ಲದಷ್ಟು ಜಾತಿಯ ಸೂಕ್ಷ್ಮಜೀವಿಗಳಿವೆ. ಜೊತೆಗೆ ಇದು ಗಾಳಿಗೆ ಆರಿಹೋಗುವ ವಸ್ತು. ವಾಸನೆ ಉಳಿಯುವುದಾದರೂ ಹೇಗೆ? ಕಾಳಿಗೆ ಸೇರುತ್ತದೆ ಅನ್ನುವ ಹೆದರಿಕೆಯೂ ಬೇಡ.

ಇನ್ನೊಂದು ಮಾತು. ವಾಸನೆ ಬಂದರೆ ಮಾತ್ರ ಒಳ್ಳೆ ಮಾಲು ಅನ್ನುವುದು ಪೂರ್ತಿ ನಿಜ ಅಲ್ಲ. ಟ್ರೈಕೋಡರ್ಮಾ ವೈರೆನ್ಸ್ ಅನ್ನುವ ಜಾತಿಯ ಅಸ್ತ್ರವೇ ಬೇರೆ, ಅದರ ಕೆಲವು ತಳಿಗಳು ಗ್ಲಿಯೋಟಾಕ್ಸಿನ್ ಅನ್ನುವ ವಿಷ ತಯಾರಿಸುತ್ತವೆ. 1930ರ ದಶಕದಲ್ಲಿ ಅಮೆರಿಕದ ವೈಂಡ್ಲಿಂಗ್ ಅನ್ನುವ ವಿಜ್ಞಾನಿ ಕಿತ್ತಳೆ ಜಾತಿಯ ಸಸಿಗಳ ಕೊಳೆ ರೋಗದ ಬೆನ್ನು ಹತ್ತಿದಾಗ ಬೆಳಕಿಗೆ ಬಂದದ್ದು ಇದು. ಈ ಗ್ಲಿಯೋಟಾಕ್ಸಿನ್ ಹುಳಿ ಮಣ್ಣಿನಲ್ಲಿ ತುಸು ಹೊತ್ತು ಉಳಿಯುತ್ತದೆ, ಕ್ಷಾರ ಜಾಸ್ತಿಯಾದರೆ ಬೇಗ ಮುರಿದುಹೋಗುತ್ತದೆ. ಟ್ರೈಕೋಡರ್ಮಾಕ್ಕೂ ಸ್ವಲ್ಪ ಹುಳಿ ಮಣ್ಣೇ ಇಷ್ಟ. ಹಾಗಾಗಿ ಬುಡಕ್ಕೆ ಸುಣ್ಣ ಎರಚಿ ಅದೇ ವಾರ ಟ್ರೈಕೋಡರ್ಮಾ ಹಾಕಬೇಡಿ.

ಹಾಗಾಗಿ ಮೂರನೇ ಪ್ರಶ್ನೆಗೆ ಉತ್ತರ: ಸಾಲದು. ಬೂಷ್ಟು ಬಿಟ್ಟ ವಸ್ತು ಬೇಗ ಕರಗಿ ಹೋಗುತ್ತದೆ. ನಮಗೆ ಬೇಕಾದದ್ದು ಅದನ್ನು ಮತ್ತೆ ಮತ್ತೆ ತಯಾರಿಸುವ ಜೀವ. ಅದಕ್ಕೆ ಊಟ ಬೇಕು, ತೇವ ಬೇಕು. ಟಾಲ್ಕ್‌ನಲ್ಲಿ ಬೆರೆಸಿ ಮಾರುವ ಟ್ರೈಕೋಡರ್ಮಾ ಪುಡಿಯನ್ನಷ್ಟೇ ನೀರಿಗೆ ಕಲಸಿ ಒಣ ಬುಡಕ್ಕೆ ಸುರಿದರೆ ದುಡ್ಡು ದಂಡ. 90 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ. ನೆರಳಿನಲ್ಲಿ ರಾಶಿ ಮಾಡಿ, ಒದ್ದೆ ಗೋಣಿ ಮುಚ್ಚಿ 10ರಿಂದ 15 ದಿನ ಬಿಡಿ. ಮೂರು ನಾಲ್ಕು ದಿನಕ್ಕೊಮ್ಮೆ ಮಗುಚಿ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಬಿಸಿ ಇರುವ ಹಸಿ ಸಗಣಿ ರಾಶಿಗೆ ಬೆರೆಸಿದರೆ ಕೆಲಸ ಆಗುವುದಿಲ್ಲ. ಮಗುಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರಂತೂ ರಾಶಿಯ ಹತ್ತಿರ ಬರುವುದೇ ಬೇಡ. ಗೊಬ್ಬರದ ರಾಶಿಯಲ್ಲಿ ಉಸಿರಿಗೆ ತೊಂದರೆ ಕೊಡುವ ಆಸ್ಪರ್ಜಿಲಸ್ ಬೂಷ್ಟೂ ಇರುತ್ತದೆ.

ಮೇ-ಜೂನ್ ಒಂದು ಸಲ, ಆಗಸ್ಟ್-ಸೆಪ್ಟೆಂಬರ್ ಇನ್ನೊಂದು ಸಲ ಬುಡಕ್ಕೆ ಕೊಟ್ಟು ಮೇಲೆ ದರಗು ಮುಚ್ಚಿ. ಬೇರಿಗೆ ಗುದ್ದಲಿ ತಾಗಿಸಬೇಡಿ, ಸೊರಗು ರೋಗಕ್ಕೆ ನಾವೇ ಬಾಗಿಲು ತೆರೆದಂತೆ ಅದು. ತೊಡಕು ಏನೆಂದರೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಕಾಲವೂ ಅದೇ, ಅದು ಟ್ರೈಕೋಡರ್ಮಾಕ್ಕೂ ಆಗದು. ಬೋರ್ಡೋ ಮೊದಲು ಮುಗಿಸಿ, ಎರಡು ಮೂರು ವಾರ ಬಿಟ್ಟು ಗೊಬ್ಬರ ಹಾಕಿ. ಬೂಷ್ಟು ಕೊಲ್ಲುವ ಬೇರೆ ಔಷಧಗಳಲ್ಲಿ ಮೆಟಲಾಕ್ಸಿಲ್ ಒಂದೇ ಇರುವುದನ್ನು ಟ್ರೈಕೋಡರ್ಮಾ ತಡೆದುಕೊಳ್ಳುತ್ತದೆ. ಮ್ಯಾಂಕೋಜೆಬ್ ಬೆರೆತ ಪ್ಯಾಕೆಟ್ ಆದರೆ ಅದಕ್ಕೂ ಅಂತರ ಬಿಡಿ. ಕಾರ್ಬೆಂಡಾಜಿಂ ಬಿದ್ದರೆ ಮಾತ್ರ ಕಥೆ ಮುಗಿಯಿತು.

ಜೀವ ಇದೆಯಾ ಅಂತ ನೋಡಲು ಬೇಯಿಸಿ ಆರಿಸಿದ ಅನ್ನದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ಮುಚ್ಚಿಡಿ. ನಾಲ್ಕೈದು ದಿನದಲ್ಲಿ ಮೊದಲು ಬಿಳಿ, ಆಮೇಲೆ ಹಸಿರು ಹಬ್ಬಬೇಕು. ಬೇರೆ ಬೂಷ್ಟೂ ಹಸಿರಾಗಬಹುದು, ಹಾಗಾಗಿ ಪುಡಿ ಹಾಕದ ಅನ್ನದ ಇನ್ನೊಂದು ಡಬ್ಬಿಯೂ ಪಕ್ಕದಲ್ಲಿರಲಿ. ಡಬ್ಬಿಗೆ ಮೂಗಿಟ್ಟು ಮೂಸಬೇಡಿ.

ಈ ವರ್ಷ ಬುಡಕ್ಕೆ ಯಾವ ಔಷಧ ಸುರಿದಿದ್ದೀರಿ, ಯಾವಾಗ ಅಂತ ತಿಳಿಸಿ. ಪ್ಯಾಕೆಟ್ ಮೇಲಿನ ತಯಾರಿಕೆ ದಿನಾಂಕದ ಫೋಟೋವನ್ನೂ ಹಾಕಿ.