ಕ್ರೈಸ್ತ ವಿಶ್ವಾಸಿಯೊಬ್ಬರು ವಿಕಾಸ ಜೀವವಿಜ್ಞಾನಿಯಾಗಿರಲು ಸಾಧ್ಯವೇ?

ಖಂಡಿತ ಸಾಧ್ಯ. ತಳಿವಿಜ್ಞಾನವನ್ನೂ ನೈಸರ್ಗಿಕ ಆಯ್ಕೆಯನ್ನೂ 1937ರ ತಮ್ಮ ಗ್ರಂಥದಲ್ಲಿ ಬೆಸೆದ ಥಿಯೊಡೋಸಿಯಸ್ ಡಾಬ್‌ಝಾನ್ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರಾಗಿದ್ದರು. ವಿಕಾಸದ ಪುರಾವೆಯೊಂದರ ಉದಾಹರಣೆಯನ್ನೂ ನೋಡಿ: ಚಿಂಪಾಂಜಿಗಳಲ್ಲಿ 24 ಜೊತೆ ವರ್ಣತಂತುಗಳಿದ್ದರೆ ನಮ್ಮಲ್ಲಿರುವುದು 23. ಸಾಮಾನ್ಯವಾಗಿ ವರ್ಣತಂತುವಿನ ತುದಿಗಳಲ್ಲಿ ಕಾಣುವ ಡಿಎನ್‌ಎ ಸರಣಿಯು ನಮ್ಮ ಎರಡನೆಯ ವರ್ಣತಂತುವಿನ ಒಳಭಾಗದಲ್ಲಿ ಎದುರುಬದುರಾಗಿ ಸಿಗುವುದರಿಂದ, ಪೂರ್ವಜರ ಎರಡು ವರ್ಣತಂತುಗಳು ಅಲ್ಲಿ ಕೂಡಿಕೊಂಡಿವೆ ಎಂಬುದು ಸ್ಪಷ್ಟವಾಗುತ್ತದೆ. ಶಾಲೆಯಲ್ಲಿ ವಿಕಾಸದ ಬೋಧನೆಗೆ ಸಂಬಂಧಿಸಿ 2005ರಲ್ಲಿ ಅಮೆರಿಕದಲ್ಲಿ ನಡೆದ ಡೋವರ್ ಮೊಕದ್ದಮೆಯಲ್ಲಿ ಈ ಪುರಾವೆಯನ್ನು ನ್ಯಾಯಾಲಯದ ಮುಂದಿಟ್ಟ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕ್ಯಾಥೊಲಿಕ್ ಧರ್ಮವನ್ನು ಆಚರಿಸುವವರು.

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟ ಬೈಬಲಿನ ಆದಿಕಾಂಡ ಹೇಳುವ ಸೃಷ್ಟಿಯ ಆರು ದಿನಗಳದ್ದಲ್ಲ. ಅವುಗಳನ್ನು ಸಾಮಾನ್ಯ ದಿನಗಳೆಂದೇ ತಿಳಿಯಬೇಕಿಲ್ಲವೆಂದು ಸಂತ ಅಗಸ್ಟೀನ್ 5ನೆಯ ಶತಮಾನದಲ್ಲೇ ವಾದಿಸಿದ್ದರು. ಕಷ್ಟವಿರುವುದು ನೋವಿನ ಪ್ರಶ್ನೆಯಲ್ಲಿ. ಮನುಷ್ಯ ಕಾಣಿಸಿಕೊಳ್ಳುವ ಕೋಟ್ಯಂತರ ವರ್ಷಗಳ ಮೊದಲೇ ಬೇಟೆ, ರೋಗ, ಅಳಿವುಗಳಿದ್ದವೆಂದು ಪಳೆಯುಳಿಕೆಗಳು ತೋರಿಸುವಾಗ, ಪಾಪದಿಂದ ಮರಣ ಬಂತೆಂದು ಆದಿ ಕ್ರೈಸ್ತ ಬೋಧಕ ಪೌಲನು ಬೈಬಲಿನಲ್ಲಿರುವ ಪತ್ರದಲ್ಲಿ ರೋಮಾಪುರದವರಿಗೆ ಬರೆದ ಮಾತನ್ನು ಹೇಗೆ ಗ್ರಹಿಸಬೇಕು? ಅದು ಆತ್ಮಿಕ ಮರಣವನ್ನು ಕುರಿತದ್ದು ಎಂದು ಹಲವರು ವಿವರಿಸುತ್ತಾರೆ; ಆ ವಿವರಣೆಯಿಂದ ಪೂರ್ತಿ ಸಮಾಧಾನ ಸಿಗದ ವಿಶ್ವಾಸಿಗಳೂ ಇದ್ದಾರೆ, ಮತ್ತು ಆ ತಳಮಳವನ್ನು ಅವರು ಪ್ರಯೋಗಾಲಯದಲ್ಲಾಗಲಿ ಪ್ರಾರ್ಥನೆಯಲ್ಲಾಗಲಿ ಮುಚ್ಚಿಡಬೇಕಾದ ಅಗತ್ಯವಿಲ್ಲ.