ಪ್ಲೇಟೋ, ಅರಿಸ್ಟಾಟಲ್ ಎಲ್ಲಾ ಇಂಗ್ಲಿಷಿಗೆ ಬಂದಾಗಿದೆ. ಈಗ ಗ್ರೀಕ್ ಕಲಿತು ಅದರಲ್ಲೇ ಅಧ್ಯಾಪಕನಾಗಲು ಹೊರಡುವುದರಲ್ಲಿ ಅರ್ಥವಿದೆಯೇ?

ಅವರಿಬ್ಬರದು ಬಂದಿದೆ, ನಿಜ. ಆದರೆ ಅರಿಸ್ಟಾಟಲನ ಮೇಲಿನ ಭಾಷ್ಯಗಳ ಕಥೆ ಬೇರೆ. ಆ ಗ್ರೀಕ್ ಭಾಷ್ಯಗಳನ್ನು ಬರ್ಲಿನ್ನಿನಲ್ಲಿ 1882ರಿಂದ 1909ರವರೆಗೆ ಅಚ್ಚು ಹಾಕಿದರು, ಸುಮಾರು 15,000 ಪುಟ. ಇಂಗ್ಲಿಷಿಗೆ ಬಂದಷ್ಟರಲ್ಲಿ ಬಹುಪಾಲು 1987ರ ಈಚಿನದು, ಲಂಡನ್ನಿನ ಕಿಂಗ್ಸ್ ಕಾಲೇಜಿನ ರಿಚರ್ಡ್ ಸೊರಾಬ್ಜಿ ಶುರುಮಾಡಿದ ಯೋಜನೆಯ ಫಲ. ನೂರಕ್ಕೂ ಹೆಚ್ಚು ಸಂಪುಟಗಳು ಬಂದಿವೆ. (ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಮಹಿಳೆ ಕಾರ್ನೀಲಿಯಾ ಸೊರಾಬ್ಜಿ ಇವರ ಸೋದರತ್ತೆ.)

ಈ ಭಾಷ್ಯಕಾರರಲ್ಲಿ ನನಗೆ ತುಂಬಾ ಇಷ್ಟವಾದವನು ಕ್ರಿ.ಶ. 6ನೇ ಶತಮಾನದ ಸಿಂಪ್ಲಿಕಿಯಸ್. ಅರಿಸ್ಟಾಟಲನ 'ಫಿಸಿಕ್ಸ್'ಗೆ ಭಾಷ್ಯ ಬರೆಯುತ್ತಾ ನಡುವೆ ಪ್ಲೇಟೋಗಿಂತ ಹಿಂದಿನ ತತ್ತ್ವಜ್ಞಾನಿ ಪಾರ್ಮೆನಿಡೀಸನ ಪದ್ಯಗಳನ್ನು ಉದ್ದಕ್ಕೆ ಎತ್ತಿ ಬರೆಯುತ್ತಾನೆ. ಈ ಗ್ರಂಥ ಸಿಗುವುದೇ ಅಪರೂಪ, ಅದಕ್ಕೇ ಬರೆದಿಡುತ್ತಿದ್ದೇನೆ ಎಂದು ಕಾರಣವನ್ನೂ ಕೊಡುತ್ತಾನೆ. ಪಾರ್ಮೆನಿಡೀಸನಿಗೂ ಅವನಿಗೂ ಸಾವಿರ ವರ್ಷದ ಅಂತರ. ಮೂಲಗ್ರಂಥ ಕಳೆದೇ ಹೋಯಿತು; ಅದರ ಮುಖ್ಯ ಭಾಗ ನಮಗೆ ಉಳಿದಿರುವುದು ಬಹುಮಟ್ಟಿಗೆ ಇವನ ದೆಸೆಯಿಂದ.

ಕೆಲಸ ಹೇಗಿರುತ್ತದೆ ಅಂದರೆ, ವಾರಕ್ಕೊಮ್ಮೆ ಏಳೆಂಟು ಜನ ಮೇಜಿನ ಸುತ್ತ ಕೂರುತ್ತೇವೆ. ಒಬ್ಬರು ಒಂದು ವಾಕ್ಯ ಓದಿ ಬಾಯಲ್ಲೇ ಅನುವಾದ ಹೇಳುತ್ತಾರೆ, ಮಿಕ್ಕವರು ಜಗಳಕ್ಕೆ ಇಳಿಯುತ್ತಾರೆ. ಯಾವ ಹಸ್ತಪ್ರತಿಯಲ್ಲಿ ಯಾವ ಪದವಿದೆ ಎಂಬುದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ವಾಕ್ಯದಲ್ಲಿ 'ಅಲ್ಲ' ಇದೆಯೋ ಇಲ್ಲವೋ ಎಂದು ವಾದಿಸುತ್ತಲೇ ಸಂಜೆ ಮುಗಿದದ್ದುಂಟು. ಅರ್ಧ ಪುಟ ದಾಟಿದರೆ ಅವತ್ತು ಹಬ್ಬ.

ಇನ್ನು ಹೊಟ್ಟೆಪಾಡು. ಕಾಯಂ ಹುದ್ದೆಗಳು ತೀರಾ ಕಡಿಮೆ. ಪಿಎಚ್‌ಡಿ ಆದಮೇಲೆ ವರ್ಷ, ಎರಡು ವರ್ಷದ ಗುತ್ತಿಗೆ ಹಿಡಿದು ಊರೂರು ಅಲೆಯಬೇಕು. ಮೊದಲ ವರ್ಷದವರಿಗೆ ತರ್ಕ, ನೀತಿಶಾಸ್ತ್ರದ ಪಾಠವನ್ನೂ ಹೇಳಬೇಕು. ಬಡ್ತಿ ಕೇಳುವಾಗ ಅನುವಾದಕ್ಕಿಂತ ಸಂಶೋಧನಾ ಲೇಖನಕ್ಕೇ ತೂಕ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಒಳ್ಳೆಯ ಟಿಪ್ಪಣಿಗಳಿರುವ ಅನುವಾದವನ್ನು ಒಂದಿಡೀ ತಲೆಮಾರು ಬಳಸುತ್ತದೆ, ಲೇಖನ ಅಷ್ಟು ಕಾಲ ಬಾಳುವುದು ಅಪರೂಪ. ಸ್ಕಾಲರ್‌ಶಿಪ್ ಸಿಗದೆ ಸಾಲ ಮಾಡಿಕೊಂಡು ಮಾತ್ರ ಬರಬೇಡಿ.

ಸಂಸ್ಕೃತ ಬರುತ್ತಿದ್ದರೆ ವ್ಯಾಕರಣ ನಿಮ್ಮನ್ನು ಅಷ್ಟಾಗಿ ಹೆದರಿಸುವುದಿಲ್ಲ. ದ್ವಿವಚನ, ಆತ್ಮನೇಪದದಂಥದ್ದು ಗ್ರೀಕ್‌ನಲ್ಲೂ ಇವೆ. ನನ್ನ ಜೊತೆ ಓದಿದ ಇಂಗ್ಲಿಷ್ ಹುಡುಗರು ಅಲ್ಲೇ ಒದ್ದಾಡುತ್ತಿದ್ದರು. ಜೊತೆಗೆ ಜರ್ಮನ್ ಓದುವಷ್ಟಾದರೂ ಬೇಕು, ಹಳೆಯ ಸಂಪಾದಕರ ಮುನ್ನುಡಿಗಳಿಗಾಗಿ ಸ್ವಲ್ಪ ಲ್ಯಾಟಿನ್ನೂ ಬೇಕು.

ಈಗಲೇ ಶುರುಮಾಡುವುದಾದರೆ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಜಾಲತಾಣದಲ್ಲಿ ಮೂಲ, ನಿಘಂಟು ಎರಡೂ ಉಚಿತ. ಪ್ಲೇಟೋನ 'ಯೂಥಿಫ್ರೋ' ಚಿಕ್ಕದು, ಅದನ್ನೇ ಮೊದಲು ಹಿಡಿಯಿರಿ.