ದಿಲ್ಲಿಯ ಬಾಡಿಗೆ ಮನೆಗೆ ಯಾವ ಏರ್ ಪ್ಯೂರಿಫೈಯರ್ ತಗೊಳ್ಳಲಿ? ಫಿಲ್ಟರ್ ನೋಡಿಕೊಳ್ಳುವುದು ಹೇಗೆ?

ಹಾಸನದಿಂದ ದಿಲ್ಲಿಗೆ ವರ್ಗವಾಗಿದೆ, 3 ವರ್ಷದ ಮಗು ಇದೆ, ಎರಡು ರೂಮಿನ ಬಾಡಿಗೆ ಮನೆ ಎಂದು ಬರೆದಿದ್ದೀರಿ. ನಾನು ಇಲ್ಲಿ ಒಂಬತ್ತು ಚಳಿಗಾಲ ಕಳೆದಿದ್ದೇನೆ. ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಮೊದಲ ವರ್ಷ ತಂದ ಮೆಷಿನ್ ಮೂರು ವಾರ ಓಡಿದರೂ ಗಾಳಿಯ ಧೂಳು ತೋರಿಸುವ ಅದರ ಮೇಲಿನ ನಂಬರ್ ಇಳಿಯಲೇ ಇಲ್ಲ. ಬೈದುಕೊಳ್ಳುತ್ತಾ ಹಿಂದಿನ ಮುಚ್ಚಳ ತೆಗೆದರೆ, ಫಿಲ್ಟರ್ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಕೂತಿತ್ತು! ಆದ್ದರಿಂದ ಡಬ್ಬಿ ಬಿಚ್ಚಿದ ದಿನವೇ ಅದೊಂದು ನೋಡಿಬಿಡಿ.

ಬ್ರ್ಯಾಂಡ್ ಹೇಳುವುದಿಲ್ಲ. ಡಬ್ಬಿಯ ಮೇಲೆ ಸಿಎಡಿಆರ್ ಎಂಬ ಸಂಖ್ಯೆ ಹುಡುಕಿ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎನ್ನುವ ಲೆಕ್ಕ ಅದು. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ರೂಮಿನಲ್ಲಿ ಸುಮಾರು 40 ಘನ ಮೀಟರ್ ಗಾಳಿ ಇರುತ್ತದೆ. ಅದು ಗಂಟೆಗೆ ಐದು ಸಲ ಸೋಸಿ ಬರಬೇಕೆಂದರೆ ಸಿಎಡಿಆರ್ 200 ಬೇಕು. ಆದರೆ ಡಬ್ಬಿಯ ಮೇಲೆ ಬರೆದಿರುವುದು ಫುಲ್ ಸ್ಪೀಡಿನ ಸಂಖ್ಯೆ. ಆ ಸದ್ದಿನಲ್ಲಿ ಮಗು ಮಲಗುವುದಿಲ್ಲ, ನೀವೂ ಮಲಗುವುದಿಲ್ಲ. ಹಾಗಾಗಿ 350ರಿಂದ 400 ಇರುವುದನ್ನು ತಂದು ಮಧ್ಯದ ಸ್ಪೀಡಿನಲ್ಲಿ ಓಡಿಸಿ. ಎರಡು ರೂಮಿಗೂ ಒಂದೇ ಎಂದು ನಡುಮನೆಯಲ್ಲಿಟ್ಟರೆ ಎಲ್ಲಿಗೂ ಸಾಲದು. ಮಲಗುವ ಕೋಣೆಗೇ ಇಡಿ.

ಫಿಲ್ಟರ್ ನಿಜವಾದ ಹೆಪಾ ಆಗಿರಲಿ, ಅಂದರೆ ತೀರಾ ಸಣ್ಣ ಧೂಳನ್ನೂ ಹಿಡಿಯುವಂಥದ್ದು. ಅದರಲ್ಲಿ ಎಚ್13 ಎನ್ನುವ ದರ್ಜೆ ಇದ್ದರೆ ಒಳ್ಳೆಯದು. 'ಹೆಪಾ ಟೈಪ್' ಎನ್ನುವ ಮಾತಿಗೆ ಮರುಳಾಗಬೇಡಿ. ಧೂಳಿಗೆ ವಿದ್ಯುದಾವೇಶ ಕೊಡುವ ಅಯಾನೈಜರ್ ಇದ್ದರೆ ಆಫ್ ಮಾಡುವ ಬಟನ್ ಇದೆಯಾ ಕೇಳಿ, ಕೆಲವು ಶ್ವಾಸಕೋಶಕ್ಕೆ ಆಗದ ಓಜೋನ್ ಅನಿಲ ಬಿಡುತ್ತವೆ. ಮೆಷಿನ್ ಕೊಳ್ಳುವ ಮುಂಚೆಯೇ ಅದರ ಫಿಲ್ಟರಿನ ಬೆಲೆ ನೋಡಿ. ಕುದುರೆಗಿಂತ ಲಗಾಮೇ ದುಬಾರಿ ಆಗಬಾರದು ಅಲ್ವಾ?

ನಂಬರ್ ವಿಷಯದಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಫೋನಿನ ಆಪ್ ತೋರಿಸುವುದು ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಎನ್ನುವ ಸೂಚ್ಯಂಕ. ಮೆಷಿನ್ ಸಾಮಾನ್ಯವಾಗಿ ತೋರಿಸುವುದು ಪಿಎಂ 2.5, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಸಣ್ಣ ಧೂಳು ಎಂದು. ನಮ್ಮ ದೇಶದ ಲೆಕ್ಕದಲ್ಲಿ ಪಿಎಂ 2.5 ಪ್ರಮಾಣ 120 ಇದ್ದರೆ ಎಕ್ಯೂಐ 300. ಹಾಗಾಗಿ ಒಳಗೆ 120 ಕಂಡು 'ಪರವಾಗಿಲ್ಲ' ಅಂದುಕೊಳ್ಳಬೇಡಿ. ದಿನದ ಸರಾಸರಿಗೆ ಇಲ್ಲಿನ ಸರ್ಕಾರಿ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಮ್ಮ ಕೋಣೆಯಲ್ಲಿ ನವೆಂಬರ್ ರಾತ್ರಿ 30ರ ಒಳಗೆ ಬಂದರೆ ನಾನು ನೆಮ್ಮದಿಯಾಗಿ ಮಲಗುತ್ತೇನೆ.

ಇನ್ನು ಕಿಟಕಿ. ಊರಿನಲ್ಲಿ ಅಮ್ಮ ಬೆಳಿಗ್ಗೆ ಕಸ ಗುಡಿಸುವ ಮುಂಚೆ ಕಿಟಕಿ ಬಾಗಿಲೆಲ್ಲ ತೆಗೆದುಬಿಡುತ್ತಿದ್ದರು. ನಾನೂ ಇಲ್ಲಿ ಅದನ್ನೇ ಮಾಡುತ್ತಿದ್ದೆ. ದಿಲ್ಲಿ ಚಳಿಗಾಲದಲ್ಲಿ ಅದು ಪೂರ್ತಿ ತಿರುಗುಮುರುಗು. ರಾತ್ರಿ ಮತ್ತು ಬೆಳಗಿನ ಜಾವ ತಣ್ಣನೆಯ ಗಾಳಿ ನೆಲಕ್ಕೇ ಅಂಟಿಕೊಂಡಿರುತ್ತದೆ, ಹೊಗೆ ಮೇಲೆ ಹೋಗುವುದಿಲ್ಲ. ಬಿಸಿಲು ಏರಿದ ಮೇಲೆ, ಮಧ್ಯಾಹ್ನ ಒಂದರಿಂದ ಮೂರರೊಳಗೆ, ಹತ್ತು ಹದಿನೈದು ನಿಮಿಷ ತೆರೆಯಿರಿ. ತೆರೆಯದೇ ಇರಬೇಡಿ. ಮೂರು ಜನ ಮುಚ್ಚಿದ ಕೋಣೆಯಲ್ಲಿ ಮಲಗಿದರೆ ಕಾರ್ಬನ್ ಡೈ ಆಕ್ಸೈಡ್ ಏರುತ್ತದೆ, ಪ್ಯೂರಿಫೈಯರ್ ಅದನ್ನು ತೆಗೆಯುವುದಿಲ್ಲ. ಬಾಗಿಲ ಕೆಳಗಿನ ಸಂದಿಗೆ ನಾವು ಹಳೇ ಸೀರೆ ಸುತ್ತಿ ಇಡುತ್ತೇವೆ. ಚಂದ ಕಾಣಲ್ಲ, ಆದರೆ ಕೆಲಸ ಮಾಡುತ್ತದೆ.

ನಿಗಾ ವಹಿಸಬೇಕಾದದ್ದು ಜಾಸ್ತಿ ಇಲ್ಲ. ಹೊರಗಿನ ಜಾಲರಿಯ ಧೂಳನ್ನು ಹತ್ತು ದಿನಕ್ಕೊಮ್ಮೆ ಬ್ರಷ್‌ನಲ್ಲಿ ತೆಗೆಯಿರಿ. ಹೆಪಾವನ್ನು ಮಾತ್ರ ತೊಳೆಯಬೇಡಿ. ಒಂದು ವರ್ಷ ನಮ್ಮ ಅತ್ತೆ ಪಾಪ, ಸಹಾಯ ಆಗಲೆಂದು ನಲ್ಲಿ ಕೆಳಗೆ ಸೋಪು ಹಾಕಿ ಉಜ್ಜಿ ಬಿಸಿಲಿಗೆ ಹಾಕಿದ್ದರು. ಬೆಳ್ಳಗೆ ಬಂದಿತ್ತು! ಫಿಲ್ಟರಿನ ಸಣ್ಣ ಎಳೆಗಳ ದಟ್ಟ ಬಲೆಗೆ ತಾಕಿ ಧೂಳು ಅಂಟಿಕೊಳ್ಳುತ್ತದೆ, ಎಷ್ಟೋ ಫಿಲ್ಟರ್‌ಗಳಲ್ಲಿ ಸ್ಥಿರ ವಿದ್ಯುತ್ತಿನ ಬಲವೂ ಅದಕ್ಕೆ ನೆರವಾಗುತ್ತದೆ. ನೀರು, ಸೋಪು ಹಾಕಿ ಉಜ್ಜಿದರೆ ಬಲೆಯೂ ಕೆಡುತ್ತದೆ, ಆ ಬಲವೂ ಹೋಗುತ್ತದೆ. ಹೊಸದಕ್ಕೆ ದುಡ್ಡು ಕೊಟ್ಟೆ, ಅತ್ತೆಗೆ ಬೆಲೆ ಹೇಳಲಿಲ್ಲ.

'ಫಿಲ್ಟರ್ ಬದಲಿಸಿ' ದೀಪ ಎಷ್ಟೋ ಮೆಷಿನ್‌ಗಳಲ್ಲಿ ಓಡಿದ ಗಂಟೆಗಳನ್ನಷ್ಟೇ ಎಣಿಸುತ್ತದೆ. ಗಾಳಿ ಬರುವ ರಭಸ ಕಡಿಮೆಯಾಗಿದೆಯಾ ಎಂದು ಕೈಯಿಟ್ಟು ನೋಡಿ. ಒಗ್ಗರಣೆಯ ವಾಸನೆ ಬರುತ್ತಿದ್ದರೆ ಎಣ್ಣೆ ಹೊಗೆ ಕುಡಿದಿದೆ ಎಂದೇ ಅರ್ಥ. ಅಡುಗೆಮನೆ, ಅಗರಬತ್ತಿ, ಸೊಳ್ಳೆ ಬತ್ತಿಯಿಂದ ದೂರ ಇಡಿ. ಹೊಸ ಫಿಲ್ಟರನ್ನು ನಾನು ಸೆಪ್ಟೆಂಬರ್‌ನಲ್ಲೇ ತರಿಸಿಡುತ್ತೇನೆ, ದೀಪಾವಳಿ ಹೊತ್ತಿಗೆ ಎಲ್ಲರೂ ಹುಡುಕುತ್ತಿರುತ್ತಾರೆ. ಸೆನ್ಸರ್ ಕಿಂಡಿಯನ್ನು ಒಣ ಹತ್ತಿ ಕಡ್ಡಿಯಿಂದ ಆಗಾಗ ಒರೆಸಿ.

ಕೊನೆಗೆ ಒಂದು, ಇದನ್ನು ಮರೆಯಬೇಡಿ. ಜನವರಿ ಚಳಿಗೆ ಅಂಗೀಠಿ, ಅಂದರೆ ಕೆಂಡದ ಒಲೆ, ಒಳಗಿಡುವ ರೂಢಿ ಇಲ್ಲಿದೆ. ಮಾಲೀಕರೇ ಪ್ರೀತಿಯಿಂದ ತಂದುಕೊಡಬಹುದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮೆಷಿನ್ ಅದನ್ನು ತೋರಿಸುವುದೂ ಇಲ್ಲ, ತಡೆಯುವುದೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಜೀವವೇ ಹೋಗುತ್ತದೆ. ಎಣ್ಣೆ ತುಂಬಿದ ಕರೆಂಟ್ ಹೀಟರ್ ತಗೊಳ್ಳಿ, ಇಲ್ಲವೇ ಇನ್ನೊಂದು ರಜಾಯಿ ಹೊದೆಯಿರಿ.